ಹಾಲ್‌ನ ನೆಲಕ್ಕೆ ಅಂದಾಜು

ಸರೋಜಿನಿಗೆ ಹೊಸ ನೆಲದ ಆಸೆ ಹುಟ್ಟಿದ್ದು ಬಂಗಾಳದ ಸಾಲ್ಟ್ ಲೇಕ್ ಬಡಾವಣೆಯಲ್ಲಿ, ಗಂಡನ ಸಹೋದ್ಯೋಗಿ ನರಹರಿಯ ಹೊಸ ಫ್ಲ್ಯಾಟ್ ನೋಡಿದ ದಿನ. ಕಂಪ್ಯೂಟರ್ ಕಂಪನಿಗಳು ಬಂದ ಮೇಲೆ ಅಲ್ಲಿಯ ಮನೆಗಳಲ್ಲೆಲ್ಲ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್. ತಮ್ಮದೋ ಸದರ್ನ್ ಅವೆನ್ಯೂ ಹಿಂದಿನ ಗಲ್ಲಿಯಲ್ಲಿ, ಎಪ್ಪತ್ತು ವರ್ಷದ ಹಳೇ ಕಟ್ಟಡದ ಮೊದಲ ಮಹಡಿ. ಬಿರುಕು ಬಿಟ್ಟ ಕೆಂಪು ಗಾರೆ ನೆಲ. ಗಂಡ ಜಯಕರ ತಾನು ಕೆಲಸ ಮಾಡುವ ಬ್ಯಾಂಕಿನಿಂದಲೇ ಸಾಲ ಪಡೆದು ಕೊಂಡದ್ದು.

ಟೈಲ್ಸ್ ಅಂಗಡಿಯವನು ಮನೆ ನೋಡದೆಯೇ ಲೆಕ್ಕ ಬರೆದುಕೊಟ್ಟಿದ್ದ. ಹಳೇ ನೆಲ ಒಡೆಯುವುದು ಬೇಡ, ಅದರ ಮೇಲೆಯೇ ಹಾಕಿದರೆ ಹದಿನಾರು ಸಾವಿರದೊಳಗೆ ಕೆಲಸ ಮುಗಿಯುತ್ತದೆ ಎಂದಿದ್ದ. ಶನಿವಾರ ಬೆಳಿಗ್ಗೆ ಹದಿಮೂರು ಡಬ್ಬ ಟೈಲ್ಸ್ ಬಂದು ಹಾಲ್‌ನ ನಡುವೆ ಒಂದರ ಮೇಲೊಂದು ಕುಳಿತವು. ಒಂದೊಂದೂ ಮೂವತ್ತು ಕಿಲೋ. ಒಂಬತ್ತು ವರ್ಷದ ಮಗಳು ಅಮಿತಾ ಅವುಗಳ ಮೇಲೆ ಹತ್ತಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

ಮಧ್ಯಾಹ್ನ ಕೂಲಿಯ ಅಂದಾಜು ಹೇಳಲು ನಿಮಾಯ್ ಮೇಸ್ತ್ರಿ ಬಂದ. ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದ. ಆಮೇಲೆ ಸುತ್ತಿಗೆಯ ಹಿಡಿಯಿಂದ ನೆಲವನ್ನು ತಟ್ಟುತ್ತ ನಡುವಿಗೆ ಬಂದವನು ಸಟ್ಟನೆ ನಿಂತುಬಿಟ್ಟ. ಮತ್ತೊಮ್ಮೆ ತಟ್ಟಿದ. ಖಾಲಿ ಡ್ರಮ್ಮಿನಂಥ ಸದ್ದು.

"ಬೌದಿ, ಕೆಳಗೆ ಯಾರಿದ್ದಾರೆ?" ಎಂದು, ಬಂಗಾಳಿಗಳ ರೂಢಿಯಂತೆ ಅತ್ತಿಗೆಯೆಂದು ಕರೆದು, ಹಿಂದಿಯಲ್ಲಿ ಕೇಳಿದ.

"ಪ್ರಫುಲ್ಲಾ ಮಾಶಿ. ವಯಸ್ಸಾದವರು, ಒಬ್ಬರೇ. ಈಗ ಮಲಗಿರ್ತಾರೆ."

ಅವನು ಹೆಜ್ಜೆ ಎಣಿಸಿದಂತೆ ಹಿಂದಕ್ಕೆ ಸರಿದು ಮೆಟ್ಟಿಲಿಳಿದು ಹೋದ. ಸರೋಜಿನಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಎರಡು ನಿಮಿಷದಲ್ಲಿ ಮೆಟ್ಟಿಲ ಬುಡದಿಂದ ಅವನ ದನಿ ಬಂತು. ಕೂಗಿದ್ದಲ್ಲ, ಕೂಗನ್ನು ಅದುಮಿ ಹಿಡಿದಂಥ ದನಿ.

"ಮಗುವನ್ನು ಹೊರಗೆ ಕರೆದುಕೊಳ್ಳಿ. ಗೋಡೆ ಪಕ್ಕದಿಂದಲೇ ಬರಲಿ. ಓಡಬಾರದು. ನೆಲ ಹೊತ್ತ ತೊಲೆಯ ತುದಿ ಗೆದ್ದಲು ತಿಂದುಹೋಗಿದೆ, ಬೌದಿ. ಬೆರಳಗಲ ಮಾತ್ರ ಗೋಡೆಯೊಳಗಿದೆ."

ಡಬ್ಬಗಳ ಮೇಲೆ ಕಾಲಾಡಿಸುತ್ತಿದ್ದ ಮಗಳ ಹಿಮ್ಮಡಿ ರಟ್ಟಿಗೆ ಬಡಿಯುತ್ತಿತ್ತು. ಆ ಒಂದೊಂದು ಬಡಿತವೂ ತನ್ನ ಎದೆಗೇ ಬಿದ್ದಂತೆ ಸರೋಜಿನಿಗೆ ಅನಿಸಿತು.

"ಅಮಿತಾ, ಕಾಲು ಆಡಿಸ್ಬೇಡ ಮಗಾ."

"ಕ್ಯೂಂ? ಯಾಕೆ?"

"ಹೇಳಿದ್ದು ಕೇಳು. ಹಾರ್ಲಿಕ್ಕಿಲ್ಲ. ಮೆಲ್ಲ ಕೆಳಗೆ ಇಳಿ. ಗೋಡೆ ಹತ್ರ ಹೋಗು. ಹಾಂ, ಗೋಡೆ ಹಿಡ್ಕೊಂಡೇ ಬಾ."

ಮಗಳಿಗೆ ಅಮ್ಮನ ಮುಖ ನೋಡಿಯೇ ಹೆದರಿಕೆಯಾಯಿತು. ಕೆಳಗಿಳಿದವಳು ಅಲ್ಲೇ ಅಲ್ಲಾಡದೆ ನಿಂತಳು. ಸರೋಜಿನಿ ಕೈ ಚಾಚಿದಳು. ಓಡಿಹೋಗಿ ಎತ್ತಿಕೊಳ್ಳೋಣವೆಂದರೆ ಇಬ್ಬರ ಭಾರ ಅದೇ ಜಾಗಕ್ಕೆ ಬೀಳುತ್ತದೆ. ನಿಂತಲ್ಲೇ ನಿಂತು, "ಅಮ್ಮ ಇಲ್ಲೇ ಇದ್ದೇನೆ. ಒಂದು ಕಾಲು. ಇನ್ನೊಂದು ಕಾಲು," ಎಂದಳು. ಎಲ್ಲೋ ಒಳಗೆ ಮರ ಕಿರ್ ಎಂದಿತು. ಅಮಿತಾ ಗೋಡೆ ಮುಟ್ಟಿದಳು, ಗೋಡೆ ಸವರಿಕೊಂಡು ಬಂದಳು. ಕೈಗೆ ಸಿಕ್ಕಿದ ಮಗಳನ್ನು ಸರೋಜಿನಿ ಎಳೆದುಕೊಂಡ ರಭಸಕ್ಕೆ ಫ್ರಾಕಿನ ತೋಳು ಹರಿಯಿತು.

ಮಗಳನ್ನು ಬೀದಿಯಲ್ಲಿ ಪಾನ್ ಅಂಗಡಿಯವನ ಹತ್ತಿರ ನಿಲ್ಲಿಸಿ ಅವಳು ಕೆಳಮನೆಗೆ ನುಗ್ಗಿದಳು. ಹಾಲ್‌ನ ನೆಲವೇ ಕೆಳಮನೆಗೆ ಮಾಡು; ಅದರ ಧೂಳು ಬೀಳಬಾರದೆಂದು ಪ್ರಫುಲ್ಲಾ ಮಾಶಿ ಮಂಚದ ಮೇಲಕ್ಕೆ ಬಟ್ಟೆ ಕಟ್ಟಿದ್ದರು. ನಿಮಾಯ್ ಅದರ ಒಂದು ಮೂಲೆ ಬಿಚ್ಚಿದ್ದ. ಅಲ್ಲಿ ಕಂಡ ತೊಲೆ ನೆನೆದ ಬ್ರೆಡ್ಡಿನಂತೆ ಉದುರುತ್ತಿತ್ತು. ಮುದುಕಿ ಮಾತ್ರ ಎದ್ದು ಕೂತು, ನಿದ್ದೆಗೆಡಿಸಿದ್ದಕ್ಕೆ ಸಿಟ್ಟಾಗಿ, ಈ ಮಾಡು ತಾನು ಮದುವೆಯಾಗಿ ಬಂದಾಗಿನಿಂದ ಹೀಗೇ ಇದೆ, ತಾನು ಎಲ್ಲಿಗೂ ಬರುವುದಿಲ್ಲ ಎಂದರು.

ಸರೋಜಿನಿಗೆ ಬಂಗಾಳಿ ಮೀನಿನಂಗಡಿಗೆ ಸಾಲುವಷ್ಟು ಮಾತ್ರ ಬರುತ್ತಿತ್ತು. ಭಯದಲ್ಲಿ ಅದೂ ಮರೆತುಹೋಗಿ, "ಮಾಶಿ, ನನ್ನ ಮಗು ಈಗಷ್ಟೆ ಮೇಲಿತ್ತು, ದಮ್ಮಯ್ಯ ಏಳಿ," ಎಂದು ಕುಂದಾಪುರದ ಕನ್ನಡದಲ್ಲೇ ಬೇಡಿಕೊಂಡು ಅವರ ಎರಡೂ ಕೈ ಹಿಡಿದಳು. ಮುದುಕಿಗೆ ಏನು ಅರ್ಥವಾಯಿತೋ, ಸರೋಜಿನಿಯ ಮುಖ ನೋಡಿ ಚಪ್ಪಲಿ ಹುಡುಕತೊಡಗಿದರು. ಸರೋಜಿನಿ ಚಪ್ಪಲಿಗೆ ಕಾಯದೆ ಅವರನ್ನು ಬರಿಗಾಲಲ್ಲೇ ಹೊರಗೆ ನಡೆಸಿದಳು.

ನಿಮಾಯ್ ತೊಲೆಗೆ ಆನಿಸಿ ನಿಲ್ಲಿಸಲು ಬಿದಿರಿನ ಊರೆಗಳನ್ನು ತರಿಸುವಷ್ಟರಲ್ಲಿ ನಾಲ್ಕು ಗಂಟೆಯಾಯಿತು. ಊರೆ ಒಳಗೊಯ್ಯಬೇಕೆನ್ನುವಾಗ ಮಾಡಿನಿಂದ ಬಾಗಿಲಗಲದ ಗಾರೆ ಕಳಚಿ, ಕಟ್ಟಿದ ಬಟ್ಟೆಯನ್ನೂ ಹರಿದುಕೊಂಡು ಮಂಚದ ಮೇಲೆ ಬಿತ್ತು. ದಿಂಬು ಕಾಣಲೇ ಇಲ್ಲ. ಬೀದಿಯಲ್ಲಿ ನಿಂತಿದ್ದ ಪ್ರಫುಲ್ಲಾ ಮಾಶಿ ಸರೋಜಿನಿಯ ಸೆರಗಿನ ತುದಿ ಹಿಡಿದುಕೊಂಡರು, ಜಯಕರ ಬರುವವರೆಗೂ ಬಿಡಲಿಲ್ಲ.

ತೊಲೆ ಮುರಿಯಲಿಲ್ಲ. ಊರೆ ನಿಂತ ಮೇಲೆ ಡಬ್ಬಗಳು ಒಂದೊಂದಾಗಿ ಇಳಿದವು. ಮೇಸ್ತ್ರಿ ಎರಡು ದಿನ ಬಿಟ್ಟು ಹೊಸ ಅಂದಾಜು ತಂದ: ಮರದ ತೊಲೆಗಳ ಜಾಗಕ್ಕೆ ಕಬ್ಬಿಣದ ಗರ್ಡರು, ಹೊಸ ಗಾರೆ, ಎಲ್ಲ ಸೇರಿ ಹಾಲ್ ಒಂದಕ್ಕೇ ಎಪ್ಪತ್ತೆರಡು ಸಾವಿರ.

ಜಯಕರ ಚೀಟಿಯನ್ನು ಎರಡು ಸಲ ಓದಿ ಉಸಿರೆಳೆದ. "ಇಷ್ಟು ಹಣ ಎಲ್ಲಿಂದ ತರುವುದು ಮಾರಾಯ್ತಿ? ಹಾಲ್ ಒಂದು ಮಾಡಿಸುವ. ಮಲಗುವ ಕೋಣೆದ್ದು ಬರುವ ವರ್ಷ ನೋಡುವ."

"ಅಲ್ಲಿ ತಟ್ಟಿ ನೋಡಿದ್ದಾರಾ?" ಎಂದಳು ಸರೋಜಿನಿ.

ಅವಳು ಕೈಯ ಎರಡು ಚಿನ್ನದ ಬಳೆ ಬಿಚ್ಚಿ ಮೇಜಿನ ಮೇಲಿಟ್ಟು, ಆ ಕೋಣೆಯನ್ನೂ ಅಳೆಯಲು ನಿಮಾಯ್‌ಗೆ ಹೇಳಿದಳು.