ಗೊನೆ ಕಡಿದ ಮೇಲಿನ ಶನಿವಾರ

ಹಾರ್ನ್ ಹಾಕಬೇಡಿ ಮಾರಾಯ್ರೇ, ಕೆಳಗೆ ಬಂದು ನಿಂತರೆ ನನಗೆ ಕಾಣುತ್ತದೆ ಎಂದು ಸಂದೇಶನಿಗೆ ಎಷ್ಟು ಸಲ ಹೇಳಿದ್ದೇನೋ. ಕಿವಿಗೆ ಹಾಕಿಕೊಳ್ಳುವ ಜನವೇ ಅಲ್ಲ. ಆ ಶನಿವಾರವೂ ಮೆಲ್ಕಾರ್ ಪೇಟೆಗೆಲ್ಲ ಕೇಳುವ ಹಾಗೆ ಒತ್ತಿದ. ನಾನು ಚಪ್ಪಲಿ ಸಹ ಹಾಕದೆ ಮೆಟ್ಟಿಲಿಳಿದು ಓಡಿದೆ. ಬೈಯಲಿಕ್ಕೆಂದೇ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಶಮಿಕಾ ಇಳಿದಳು. ಬೈಗುಳ ಅಲ್ಲೇ ಉಳಿಯಿತು.

ಶಮಿಕಾ ನನ್ನ ಮಗಳು, ಮೂರನೇ ಕ್ಲಾಸು. ಸಂದೇಶ ಅವಳ ಸೋದರಮಾವ. ಅವಳ ತಾಯಿ ವಿಜೇತಾ ಮತ್ತು ನಾನು ಬೇರೆಯಾದ ಮೇಲೆ ಮಗು ಮೂಡುಬಿದಿರೆ ಹತ್ತಿರದ ತಾಯಿಮನೆಯಲ್ಲಿ ಇರುವುದು. ಅದಕ್ಕೆ ನಾನು ತಕರಾರು ಮಾಡಲಿಲ್ಲ, ಮಾಡುವ ಹಾಗೂ ಇಲ್ಲ. ನಮ್ಮ ಬಂಟರಲ್ಲಿ ಮಗು ತಾಯಿಯ ಕಡೆಗೆ ಸೇರಿದ್ದು. ಬಳಿ ಎಂಬ ಕುಲದ ಹೆಸರು ಅವರದು, ದೈವ ಅವರದು, ಮಾತು ಸೋದರಮಾವನದು. ಅಪ್ಪ ಎಂದರೆ ಶಾಲೆಯ ಅರ್ಜಿಯಲ್ಲಿ ಬರೆಯುವ ಒಂದು ಹೆಸರು. ಹೀಗೆ ಹೇಳಿದರೆ ನನ್ನ ತಾಯಿಗೆ ಸಿಟ್ಟು ಬರುತ್ತದೆ. ಬರಲಿ, ನನಗೂ ಬರುತ್ತದೆ.

ಎರಡೂ ಕಡೆಯ ಹಿರಿಯರು ಕುಳಿತು ಮಾತಾಡಿ, ಶನಿವಾರ ಮಧ್ಯಾಹ್ನದಿಂದ ಆದಿತ್ಯವಾರ ಸಂಜೆಯವರೆಗೆ ಮಗು ನನ್ನ ಹತ್ತಿರ ಎಂದು ಆಗಿತ್ತು. ಬಾಯಿಮಾತು ಅಷ್ಟೆ. ಕಳೆದ ತಿಂಗಳು ಪೊಳಲಿಗೆ ಕರೆದುಕೊಂಡು ಹೋಗಿ, ಹೊಳೆಬದಿ ಬಿಸಿಲಿನಲ್ಲಿ ಸುತ್ತಾಡಿಸಿ, ಬೇಕುಬೇಕಾದಷ್ಟು ಐಸ್‌ಕ್ರೀಮ್ ಕೊಡಿಸಿದ್ದಕ್ಕೆ ಅವಳಿಗೆ ಜ್ವರ ಬಂತು. ಸಂದೇಶ ಫೋನ್ ಮಾಡಿ, "ಇನ್ನೊಂದು ಸಲ ಹೀಗೆ ಆದ್ರೆ ನಾವು ಕಳಿಸುದಿಲ್ಲ ಭಾವ" ಎಂದ. ಗಟ್ಟಿ ಸ್ವರದಲ್ಲಿ ಅಲ್ಲ, ತಣ್ಣಗೆ. ಅವನು ತಣ್ಣಗೆ ಹೇಳಿದ್ದನ್ನು ಮಾಡಿಯೇ ಮಾಡುತ್ತಾನೆ. ನಾನು ಶಾಲೆಯಲ್ಲಿ ಆಟದ ಮಾಸ್ಟ್ರು, ನನ್ನದು ಮೈದಾನದ ಗಂಟಲು. ಬೊಬ್ಬೆ ಹಾಕುತ್ತೇನೆ, ಆಮೇಲೆ ಮರೆತುಬಿಡುತ್ತೇನೆ.

ಈ ಸಲ ಸಂದೇಶ ಕಾರಿನಿಂದ ಇಳಿಯದೆ, "ಬುಧವಾರ ಮನೆಯಲ್ಲಿ ದೈವದ ನೇಮ ಉಂಟು ಭಾವ. ನಿನ್ನೆ ಗೊನೆ ಕಡಿದಾಯ್ತು. ನಾಳೆ ಊಟಕ್ಕೆ ಮೊದಲೇ ಬರ್ತೇನೆ, ಮಗುವನ್ನು ತಯಾರು ಮಾಡಿಡಿ" ಎಂದ.

ನನಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ. ಊಟಕ್ಕೆ ಮೊದಲೇ! ಎಂದರೆ ನನ್ನ ಆದಿತ್ಯವಾರದಲ್ಲಿ ಅರ್ಧ ಹೋಯಿತು. ಇವರ ಮನೆಯ ನೇಮಕ್ಕೆ ಬನ್ನಿ ಎಂದು ನನಗೊಂದು ಹೇಳಿಕೆ ಇಲ್ಲ, ನನ್ನ ದಿನ ಮಾತ್ರ ಬೇಕು. ಮೆಟ್ಟಿಲು ಹತ್ತುವಾಗ ಮನಸ್ಸಿನಲ್ಲೇ ಅವನ ಏಳು ತಲೆಮಾರು ಬೈದೆ. ಶಮಿಕಾ ನನ್ನ ಬೆರಳು ಹಿಡಿದು ಸುಮ್ಮನೆ ಬರುತ್ತಿದ್ದಳು.

ಅಡಿಗೆ ಮೊದಲೇ ಆಗಿತ್ತು. ಕೋರಿ ರೊಟ್ಟಿ. ಅವಳಿಗೆ ಪ್ರಾಣ. ಗರಿಗರಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿಯುವ ಶಬ್ದಕ್ಕೇ ಅವಳು ನಗುವುದುಂಟು. ಬೆಳಿಗ್ಗೆ ಇರ್ಷಾದನ ಅಂಗಡಿಗೆ ಹೋಗಿ ಊರಕೋಳಿ ಕೇಳಿದಾಗ ಅವನು, "ಇವತ್ತು ಮಗಳು ಬರ್ತಾಳೆ ಅಂತ ಆಯ್ತು. ಇಲ್ಲದಿದ್ರೆ ಮಾಸ್ಟ್ರು ಮೊಟ್ಟೆಯಲ್ಲಿ ದಿನ ದೂಡುವ ಜನ" ಎಂದು ತಮಾಷೆ ಮಾಡಿದ್ದ. ಮೆಣಸು ಹುರಿದು, ಕಾಯಿ ಕಡೆದು, ಕೈಯೆಲ್ಲ ಉರಿ ಹತ್ತಿಸಿಕೊಂಡು ಮಾಡಿದ್ದೆ. ಮಗಳನ್ನು ಒಲೆಯ ಹತ್ತಿರ ಕರೆದು ಮುಚ್ಚಳ ತೆಗೆದೆ.

"ನೋಡು ಮಗಾ, ಎಂತ ಉಂಟು ಅಂತ!"

ಅವಳು ನೋಡಿದಳು. "ಪಪ್ಪಾ, ನಂಗೆ ಅಷ್ಟು ಹಸಿವಿಲ್ಲ."

"ಹಸಿವಿಲ್ವಾ? ಬೆಳಿಗ್ಗೆಯಿಂದ ಇದರ ಹಿಂದೆ ಬಿದ್ದಿದ್ದೇನೆ ಮಾರಾಯ್ತಿ! ನಿನಗೆ ಅಂತಲೇ ಮಾಡಿದ್ದು. ಒಂದು ತುಂಡು ತಿಂದು ನೋಡು, ಆಮೇಲೆ ಹೇಳು."

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. "ಆಯ್ತು ಪಪ್ಪಾ" ಎಂದು ಕುಳಿತಳು. ತಿಂದಳು. ಇನ್ನೊಂದು ತುಂಡು ಹಾಕಲಾ ಎಂದರೆ ಹ್ಞೂಂ ಎಂದಳು. ನಾನು ಎದುರು ಕುಳಿತು ಅವಳು ತಿನ್ನುವುದನ್ನೇ ನೋಡಿದೆ. ಸುಖ ಎಂದರೆ ಇಷ್ಟೇ ಅಲ್ಲವೇ, ಇನ್ನೆಂತ ಬೇಕು ಎಂದುಕೊಂಡೆ.

ಸಂಜೆ ತಾರಸಿಗೆ ಹೋಗಿ ಚಟ್ಟಿಯಲ್ಲಿರುವ ಮಲ್ಲಿಗೆಗೆ ನೀರು ಹಾಕಿದೆವು. ಮೊಗ್ಗು ಕೊಯ್ದು ಅವಳು ಬಾಳೆನಾರಿನಲ್ಲಿ ಕಟ್ಟಿದಳು. ಅಜ್ಜಿ ಕಲಿಸಿದ್ದಂತೆ. ನನ್ನ ಗಂಟುಗಳೆಲ್ಲ ಸಡಿಲ, ಎತ್ತಿದರೆ ಹೂ ಉದುರುತ್ತದೆ. ಆಮೇಲೆ ಕೇರಂ ಆಡಿದೆವು. ಕೆಂಪು ಕಾಯಿ ಹಾಕಲಿಕ್ಕೆ ಅವಳಿಗೆ ಎರಡೆರಡು ಸಲ ಅವಕಾಶ ಬಿಟ್ಟೆ, ಹಾಕಲಿಲ್ಲ. ಆಟದ ನಡುವೆ ಆಗಾಗ ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದಳು. ಕೇರಂ ಪೌಡರು ಅಂಟಿರಬೇಕು ಎಂದುಕೊಂಡೆ. ಬೇಗ ನಿದ್ರೆ ಬರುತ್ತದೆ ಎಂದು ಮಲಗಿದಳು. ದಣಿದಿದ್ದಾಳೆ ಎಂದುಕೊಂಡೆ. ನಾನು ಎಂಥ ಬುದ್ಧಿವಂತ ನೋಡಿ, ಎಲ್ಲದಕ್ಕೂ ನನ್ನಲ್ಲಿ ಒಂದು ಉತ್ತರ ಇತ್ತು.

ಆದಿತ್ಯವಾರ ಬೆಳಿಗ್ಗೆ ಎದ್ದಾಗ ಬಚ್ಚಲಿನಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ಶಮಿಕಾ ಬ್ರಷ್ಷಿನಿಂದ ನಾಲಿಗೆ ಉಜ್ಜುತ್ತಿದ್ದಳು. ಉಗುಳಿದ್ದರಲ್ಲಿ ರಕ್ತ ಇತ್ತು. ಕಣ್ಣು ಬಾತು ಹೋಗಿತ್ತು.

"ಅಯ್ಯೋ, ಎಂತ ಮಾಡ್ತಿದ್ದಿ ಮಗಾ?"

ಮೊದಲು ಏನೂ ಇಲ್ಲ ಎಂದಳು. ಬ್ರಷ್ ಕಿತ್ತುಕೊಂಡೆ. ಆಗ ಸಣ್ಣ ಸ್ವರದಲ್ಲಿ, "ಗೊನೆ ಕಡಿದಾಗಿದೆ ಪಪ್ಪಾ. ನಾನು ಕೋಳಿ ತಿನ್ಬಾರ್ದಿತ್ತು" ಎಂದಳು.

ನೇಮಕ್ಕೆ ಬಾಳೆಗೊನೆ ಕಡಿದರೆಂದರೆ ಆ ಮನೆಯವರಿಗೆ ಅಲ್ಲಿಂದ ವ್ರತ. ದೈವದ ಕೆಲಸ ಮುಗಿಯುವವರೆಗೆ ಮೀನು ಇಲ್ಲ, ಮಾಂಸ ಇಲ್ಲ. ಇದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ನನ್ನ ತಾಯಿಮನೆಯಲ್ಲಿಯೂ ಇದೇ ಕ್ರಮ. ಸಂದೇಶ ನನ್ನ ಮುಖಕ್ಕೇ ಹೇಳಿ ಹೋಗಿದ್ದ. ನಾನು ಅರ್ಧ ದಿನ ಹೋಯಿತೆಂದು ಉರಿದುಕೊಳ್ಳುತ್ತಿದ್ದೆ.

"ಗೊತ್ತಿದ್ದೂ ಮತ್ತೆ ಯಾಕೆ ತಿಂದದ್ದು?" ಸ್ವರ ನನಗೆ ತಿಳಿಯದೆಯೇ ಏರಿತು.

ಅವಳು ಗೋಡೆಗೆ ಒರಗಿದಳು. "ನೀವು ಮಾಡಿದ್ರಲ್ಲ."

ಎತ್ತಿಕೊಂಡು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದೆ. ಅವಳ ಹೆದರಿಕೆಯೆಲ್ಲ ಒಂದೊಂದಾಗಿ ಹೊರಗೆ ಬಂತು. ಅಜ್ಜಿ ಸ್ವರ್ಣಲತಾಗೆ ಮೊನ್ನೆಯಷ್ಟೇ ಆಪರೇಷನ್ ಆಗಿದೆ, ತನ್ನಿಂದಾಗಿ ಅವರಿಗೆ ಏನಾದರೂ ಆದರೆ? ನೇಮದ ದಿನ ಕುಟುಂಬದವರೆಲ್ಲ ಎದುರು ನಿಂತಿರುವಾಗ ದೈವ ತನ್ನನ್ನೇ ಕರೆದು, ಇವಳು ತಪ್ಪು ಮಾಡಿದ್ದಾಳೆ ಎಂದು ನುಡಿ ಕೊಟ್ಟರೆ? ರಾತ್ರಿಯಿಡೀ ಮಗು ಇದನ್ನೇ ಯೋಚಿಸಿದೆ. ನಾನು ಪಕ್ಕದಲ್ಲೇ ಗೊರಕೆ ಹೊಡೆದಿದ್ದೇನೆ.

"ಏನೂ ಆಗುದಿಲ್ಲ ಮಗಾ. ಸಣ್ಣ ಮಕ್ಕಳಿಗೆ ದೈವ ಕೋಪ ಮಾಡ್ಲಿಕ್ಕಿಲ್ಲ. ನಾನು ಹೇಳ್ತೇನಲ್ಲ."

"ನಿಮಗೆ ಹೇಗೆ ಗೊತ್ತು? ನೀವು ನಮ್ಮ ಮನೆಯವರಲ್ವಲ್ಲ."

ಚುಚ್ಚಲಿಕ್ಕೆ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಮಗುವಲ್ಲವೇ. ನನಗೆ ಮಾತ್ರ ಚುಚ್ಚಿತು.

ಆಗ ನಾನು ಒಂದು ಹೇಸಿಗೆಯ ಮಾತು ಆಡಿದೆ. "ನಾವು ಇದನ್ನು ಯಾರಿಗೂ ಹೇಳುದು ಬೇಡ ಆಯ್ತಾ? ನಮ್ಮಿಬ್ಬರಲ್ಲೇ ಇರ್ಲಿ." ನನ್ನ ತಲೆಯಲ್ಲಿ ಇದ್ದದ್ದು ಸಂದೇಶನ ಮಾತು. ಇನ್ನೊಂದು ಸಲ ಹೀಗೆ ಆದರೆ ಕಳಿಸುವುದಿಲ್ಲ. ಶನಿವಾರ ಇಲ್ಲದಿದ್ದರೆ ನನ್ನ ವಾರದಲ್ಲಿ ಎಂತ ಉಂಟು? ಒಬ್ಬನಿಗೆ ಅನ್ನ ಬೇಯಿಸಿ, ಟಿವಿ ಹಾಕಿ, ಅದು ಮಾತಾಡುವುದನ್ನು ಕೇಳುತ್ತಾ ನಿದ್ರೆ ಹೋಗುವುದು.

"ಆಯ್ತು ಪಪ್ಪಾ" ಎಂದಳು ಶಮಿಕಾ.

ಬನ್ಸ್ ಮಾಡಿ ಎದುರಿಗಿಟ್ಟೆ, ಮುಟ್ಟಲಿಲ್ಲ. ಹಾಲು ಕುಡಿಯಲಿಲ್ಲ. ನೀರು ಸಹ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿದಳು. ನಾನು ಜೋಕ್ ಹೇಳಿದೆ. ವಿಸಿಲ್ ಹಾಕಿ ಕುಣಿದೆ. ನಾನು ನಗಿಸಿದಾಗಲೆಲ್ಲ ಅವಳು ನಗುತ್ತಿದ್ದಳು, ನಾನು ಆಚೆ ತಿರುಗಿದ ಕೂಡಲೇ ಆ ನಗು ಇರುತ್ತಿರಲಿಲ್ಲ. ಸಾಕು ಎನ್ನಿಸಿತು. ಇಷ್ಟು ಸಣ್ಣ ಜೀವದ ಮೇಲೆ ನನ್ನ ಶನಿವಾರಗಳ ಭಾರ ಹೊರಿಸಿ ಯಾವ ನರಕಕ್ಕೆ ಹೋಗಲಿ? ಫೋನ್ ತೆಗೆದು ಸಂದೇಶನಿಗೆ ಮಾಡಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವನು ಬೈಯಲಿಲ್ಲ. ಬೈದರೆ ಬದುಕುತ್ತಿದ್ದೆ. "ಮಗುವಿಗೆ ಫೋನ್ ಕೊಡಿ" ಎಂದ.

ಶಮಿಕಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದಳು. "ಹ್ಞೂಂ ಮಾಮ... ಹ್ಞೂಂ... ಅಜ್ಜಿಗೆ ಏನೂ ಆಗುದಿಲ್ವಾ?... ನೀವೇ ಕೈಮುಗಿದು ಹೇಳ್ತೀರಾ?... ಹ್ಞೂಂ." ನನ್ನ ಕಣ್ಣೆದುರೇ ಅವಳ ಹೆಗಲು ಇಳಿಯಿತು. ಫೋನ್ ವಾಪಸು ಕೊಟ್ಟು, "ಮಾಮ ಇವತ್ತೇ ದೈವದ ಎದುರು ತಪ್ಪು ಕಾಣಿಕೆ ಇಡ್ತಾರಂತೆ ಪಪ್ಪಾ, ನನ್ನ ಲೆಕ್ಕದಲ್ಲಿ. ಮತ್ತೆ ಎಂತದ್ದೂ ಇಲ್ವಂತೆ" ಎಂದು ಬನ್ಸ್‌ಗೆ ಕೈ ಹಾಕಿದಳು.

ನಾನು ಬೆಳಗ್ಗಿನಿಂದ ಹೇಳಿದ್ದೂ ಅದೇ, ಏನೂ ಆಗುವುದಿಲ್ಲ ಎಂದು. ನನ್ನ ಬಾಯಿಯಲ್ಲಿ ಅದಕ್ಕೆ ಬಲ ಇರಲಿಲ್ಲ.

ಮತ್ತೆ ಒಂದು ಗಂಟೆ ಅವಳು ಕುಣಿದದ್ದೇ ಕುಣಿದದ್ದು. ಕೇರಮಿನಲ್ಲಿ ನನ್ನನ್ನು ನಿಜವಾಗಿಯೂ ಸೋಲಿಸಿದಳು. ನನ್ನ ಮೂಗಿಗೆ ಪೌಡರ್ ಹಚ್ಚಿ, "ಪಪ್ಪ ಭಸ್ಮ ಹಾಕಿದ ಬೆಕ್ಕು" ಎಂದು ಬಿದ್ದು ಬಿದ್ದು ನಕ್ಕಳು. ಅವಳು ನನ್ನ ಮನೆಯಲ್ಲಿ ಹಾಗೆ ನಕ್ಕದ್ದನ್ನು ನಾನು ಮೊದಲು ಕೇಳಿದ್ದೇ ಇಲ್ಲ ಎಂದು ಆಗ ಹೊಳೆಯಿತು. ಇಷ್ಟು ವಾರ ಕೇಳಿದ್ದು ಬೇರೆ ಯಾವುದೋ ನಗು.

ಈ ಸಲ ಹಾರ್ನ್ ಇಲ್ಲ. ಸಂದೇಶ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತ. ಶಮಿಕಾ ಓಡಿಹೋಗಿ ಅವನ ಸೊಂಟ ತಬ್ಬಿಕೊಂಡಳು. "ಹೋಗಿ ಚೀಲ ತುಂಬ್ಸು" ಎಂದು ಅವಳನ್ನು ಒಳಗೆ ಕಳಿಸಿದ.

"ಕೂತ್ಕೊಳ್ಳಿ ಭಾವ, ಚಾ ಮಾಡ್ತೇನೆ" ಎಂದೆ.

"ಬೇಡ. ನೀವು ಫೋನ್ ಮಾಡಿದ್ದು ಒಳ್ಳೆದಾಯ್ತು. ಇಲ್ಲದಿದ್ರೆ ಅವಳು ಹೇಳ್ತಿರ್ಲಿಲ್ಲ." ನನ್ನ ಕಡೆ ನೋಡದೆ ಹೇಳಿದ. "ಇನ್ನು ಸ್ವಲ್ಪ ಸಮಯ ಬೇಡ ಭಾವ."

"ಗೊತ್ತಾಗದೆ ಆದದ್ದು ಮಾರಾಯ್ರೇ! ನಾನು ಬೇಕೂಂತ ಮಾಡ್ತೇನಾ? ಕಾಲು ಹಿಡೀಬೇಕಾ ನಿಮ್ಮದು? ಹಿಡೀತೇನೆ."

"ಕೋಳಿಯ ವಿಷಯ ಅಲ್ಲ. ಅದಕ್ಕೆ ದಾರಿ ಉಂಟು." ಅವನ ಸ್ವರ ತಣ್ಣಗೇ ಇತ್ತು. "ಅವಳು ಮನೆಯಲ್ಲಿ ಎಲ್ಲರ ಹತ್ತಿರ ಹಟ ಮಾಡ್ತಾಳೆ. ನನ್ನ ಹತ್ತಿರ, ತಾಯಿಯ ಹತ್ತಿರ, ಅಜ್ಜಿಯ ಹತ್ತಿರ. ಬೇಡದ್ದನ್ನು ತಟ್ಟೆಗೆ ಹಾಕಿದ್ರೆ ತಟ್ಟೆ ದೂಡ್ತಾಳೆ. ನಿಮ್ಮ ಹತ್ತಿರ ಮಾತ್ರ ಬೇಡ ಅಂತ ಹೇಳ್ಲಿಕ್ಕೆ ಅವಳಿಗೆ ಆಗುದಿಲ್ಲ. ಅಷ್ಟು ಧೈರ್ಯ ಬರ್ಲಿ. ಮತ್ತೆ ಕಳಿಸುವ."

ಸುಳ್ಳು ಹೇಳಬೇಡಿ ಎಂದು ನನ್ನ ಮೈದಾನದ ಗಂಟಲಿನಲ್ಲಿ ಕಿರುಚಬೇಕೆಂದಿದ್ದೆ. ಆಗಲೇ ಮಗಳು ಚೀಲ ಹಾಕಿಕೊಂಡು ಹೊರಗೆ ಬಂದಳು. ನಾನು ಅವಳ ಎದುರು ಮೊಣಕಾಲೂರಿ ಕುಳಿತೆ. ಒಂದು ಸಲ, ಒಂದೇ ಒಂದು ಸಲ ಅವಳು ನನಗೆ ಎದುರು ಹೇಳಲಿ, ಮಾವನ ಮಾತು ಸುಳ್ಳಾಗಲಿ ಎಂದು ಅವರ ದೈವಕ್ಕೇ ಕೈಮುಗಿದೆ.

"ಮಗಾ, ನಿಜ ಹೇಳು. ಪಪ್ಪನಿಗೆ ಬೇಜಾರಿಲ್ಲ. ಶನಿವಾರ ಇಲ್ಲಿಗೆ ಬರ್ಲಿಕ್ಕೆ ನಿನಗೆ ಮನಸ್ಸಿಲ್ಲದಿದ್ರೆ..."

ಅವಳು ನನ್ನ ಮಾತು ಮುಗಿಯಲಿಕ್ಕೆ ಬಿಡಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, ಬೇಗಬೇಗನೆ, "ಮನಸ್ಸುಂಟು ಪಪ್ಪಾ, ಬರ್ತೇನೆ, ಬರ್ತೇನೆ" ಎಂದಳು. ಹೇಳಿ ನಕ್ಕಳು, ಇಷ್ಟು ವಾರ ಕೇಳಿದ್ದ ಆ ನಗು.

ಸಂದೇಶ ಅವಳ ಚೀಲ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ನಾನು ಎದ್ದು ಬಾಗಿಲು ಪೂರ್ತಿ ತೆರೆದು, ಕರೆದುಕೊಂಡು ಹೋಗಿ ಭಾವ ಎಂದೆ.