ಬಾಗಿಲ ತುಂಡಿನ ಸಾಕ್ಷಿ

ಡೊಂಬಿವಲಿಯ ಆ ಫ್ಲ್ಯಾಟಿನ ಇತಿಹಾಸದಲ್ಲಿ ದಾಖಲಾಗಲೇಬೇಕಾದ ದುರ್ಘಟನೆಯೊಂದು ಗುರುವಾರ ಬೆಳಿಗ್ಗೆ ನಡೆಯಿತು: ಬಾಲ್ಕನಿಯ ಬಾಗಿಲು ಬಡಿಯದಂತೆ ಇಟ್ಟಿದ್ದ ಮರದ ತುಂಡು ಕಾಣೆಯಾಗಿತ್ತು.

ವಾಸ್ತುಶಿಲ್ಪಿಯಾದ ಅನಘಳಿಗೆ ಅದು ಬರಿಯ ತುಂಡಲ್ಲ. ಹಲಗೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಪದರ ಪದರವಾಗಿ ಅಂಟಿಸಿದ, ಗೇಣು ದಪ್ಪದ ಮಾದರಿ. ಅಂಥದೇ ಮರದಿಂದ ನವಿ ಮುಂಬಯಿಯಲ್ಲಿ ಎಂಟು ಮಹಡಿ ಕಟ್ಟಲು ಅವಳು ನಕ್ಷೆ ಮಾಡಿದ್ದಳು. ನಿಯಮಪುಸ್ತಕ ಬರೆದವರು ಅಷ್ಟೆತ್ತರದ ಮರವನ್ನು ಕನಸಿನಲ್ಲೂ ನೆನೆಸಿರಲಿಲ್ಲ. ಹನ್ನೊಂದಕ್ಕೆ ವಾಶಿಯಲ್ಲಿ ಅಗ್ನಿಶಾಮಕ ಅಧಿಕಾರಿಯ ಜೊತೆ ಮೀಟಿಂಗು. ಈ ಮರ ಬೆಂಕಿಗೆ ತಡೆಯುತ್ತದೆಂದು ಅವರು ಒಪ್ಪದಿದ್ದರೆ ಮರವೆಲ್ಲ ಬೆಂಕಿ ತಡೆಯುವ ಜಿಪ್ಸಂ ಹಲಗೆಯ ಹಿಂದೆ. ಯಾರ ಕಣ್ಣಿಗೂ ಬೀಳದ ಚೆಲುವಿಗಾಗಿ ಮೂರು ವರ್ಷ ದುಡಿದಂತಾಗುತ್ತಿತ್ತು.

"ಅಮ್ಮಾ, ಬಾಗಿಲಿನ ತುಂಡು ಎಲ್ಲಿ?"

"ನಿನ್ನ ಅಪ್ಪನನ್ನು ಕೇಳು. ಐದು ಗಂಟೆಯಿಂದ ನನ್ನನ್ನೇ ಅಡುಗೆಮನೆಗೆ ಬಿಡ್ಲಿಲ್ಲ," ಎಂದರು ಸತ್ಯಭಾಮಾ.

ಶಹಾಡ್ ಸ್ಟೇಷನ್ ಎದುರು ಮೂವತ್ತು ವರ್ಷ ಹೋಟೆಲು ನಡೆಸಿ ನಿವೃತ್ತರಾದ ಪುಂಡರೀಕಾಕ್ಷರು ಗ್ಯಾಸ್ ಒಲೆಯ ಮುಂದೆ ಸ್ಟೂಲು ಹಾಕಿ ಕೂತಿದ್ದರು. ಬಲಕ್ಕೆ ಗಡಿಯಾರ, ಎಡಕ್ಕೆ ಒಂದು ಬಕೆಟ್ ನೀರು. ಕಟ್ಟೆಯ ಮೇಲೆ ತುಂಡು, ಒಂದು ಮೈಯೆಲ್ಲ ಕಪ್ಪಾಗಿ.

"ಅಪ್ಪಾ! ಎಂತ ಮಾಡಿದ್ರಿ ಇದು? ನನ್ನ ಸ್ಯಾಂಪಲ್!"

"ಕೂಗ್ಬೇಡ ಮಾರಾಯ್ತಿ. ದಪ್ಪ ಮರ ಹೊರಗೆ ಕರಿಯಾಗ್ತದೆ, ಆ ಕರಿಯೇ ಒಳಗಿನದ್ದನ್ನು ಕಾಯ್ತದೆ ಅಂತ ನೀನೇ ಹೇಳಿದ್ದಲ್ವಾ? ಒಂದು ಗಂಟೆ ಫುಲ್ ಫ್ಲೇಮ್ ಕೊಟ್ಟೆ."

ಅವಳು ಅದನ್ನು ವಿವರಿಸಿದ್ದು ಹೋದ ವಾರ, ಊಟದ ಹೊತ್ತಿಗೆ. ಆಗ ಅವರು ಪೇಪರಿನಿಂದ ತಲೆ ಎತ್ತಿರಲಿಲ್ಲ.

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿನ್ನ ಮೇಲೆ ಉಂಟು. ಮರದ ಮೇಲೆ ಇರ್ಲಿಲ್ಲ." ಅವರು ದೋಸೆ ಸಟ್ಟುಗದಿಂದ ಕರಿ ಕೆರೆದರು. ಎರಡು ಬೆರಳಿನಷ್ಟು ಉದುರಿತು. ಅದರಡಿಯ ಮರ ಈಗಷ್ಟೇ ಕೊಯ್ದಂತೆ ತಿಳಿ ಹಳದಿ. "ಸುಳ್ಳಾಗುದಿದ್ರೆ ಆ ಆಫೀಸರ ಎದುರು ಬೇಡ, ನನ್ನೆದುರೇ ಆಗ್ಲಿ ಅಂತ. ನೋಡು, ನೀ ಹೇಳಿದ್ದು ಸಮ ಉಂಟು."

ಹೊಗೆಗೆ ಅವರ ಕಣ್ಣು ಕೆಂಪಾಗಿತ್ತು. ಅನಘ ಮೀಟಿಂಗಿಗೆ ಒಯ್ಯಲು ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡಳು.

ವಾಶಿಯಲ್ಲಿ ಅಧಿಕಾರಿ ಬೀಗದ ಕೈಯಿಂದ ಕೆರೆದು ನೋಡಿದರು, ಮೂಸಿದರು.

"ಟೆಸ್ಟ್ ಕಹಾಂ ಕಿಯಾ, ಮ್ಯಾಡಮ್?"

"ಘರ್ ಪೆ. ಪಪ್ಪಾ ನೇ ಕಿಯಾ." ಪರೀಕ್ಷೆ ಮನೆಯಲ್ಲೇ ಆದದ್ದು, ಮಾಡಿದ್ದು ಅಪ್ಪ ಎಂದಳು ಅನಘ.

ಅವರು ನಗಲಿಲ್ಲ. ಗ್ಯಾಸ್ ಒಲೆಯನ್ನು ಫೈಲಿಗೆ ಸೇರಿಸಲಾಗದು, ಪ್ರಯೋಗಾಲಯದ ವರದಿ ತನ್ನಿ, ಅಲ್ಲಿಯವರೆಗೆ ಫೈಲಿನಲ್ಲಿ 'ಬೇಡ' ಎಂದು ಬರೆಯದೆ ಕಾಯುತ್ತೇನೆ ಎಂದರು.

ವರದಿ ನಾಲ್ಕು ತಿಂಗಳಿಗೆ ಬಂತು. ಎಂಟು ಮಹಡಿಗಳಲ್ಲಿ ಎರಡರ ಛಾವಣಿಯ ಮರ ತೆರೆದಿಡಲು ಮಂಜೂರಾತಿ ಸಿಕ್ಕಿತು. ಉಳಿದ ಆರಕ್ಕೆ ಜಿಪ್ಸಂ.