ಹೊಳಪು ಮೇಲಾಗಿ ಇಟ್ಟ ಚಿಪ್ಪು

ನನ್ನ ಸೊಸೆ ಚಿಗುಸಾ ಗುಡ್ಡದ ಕಡೆಯವಳು. ಮದುವೆಯಾಗಿ ಬಂದಾಗ ಅವಳಿಗೆ ಈಜು ಬರುತ್ತಿತ್ತು, ಸಮುದ್ರ ಗೊತ್ತಿರಲಿಲ್ಲ. ಜಪಾನಿನ ಶಿಮಾದ ಈ ದಂಡೆಯಲ್ಲಿ ಗಂಡಸರು ದೋಣಿ ಹತ್ತುತ್ತಾರೆ, ಹೆಂಗಸರು ಮುಳುಗುತ್ತಾರೆ. ಬಂಡೆಗೆ ಅಂಟಿ ಕೂರುವ ಅವಾಬಿ ಚಿಪ್ಪೇ ನಮ್ಮ ಅನ್ನ. ಭಯ ಇದ್ದವಳಿಗೆ ನೀರಿನಡಿ ಉಸಿರು ಹಿಡಿಯಲಾಗುವುದಿಲ್ಲ. ಅದಕ್ಕೇ ಮೊದಲ ಚಳಿಗಾಲದಲ್ಲಿ ಅವಳನ್ನು ನಾವು ಮೈ ಕಾಯಿಸುವ ದಂಡೆಯ ಗುಡಿಸಲಿನಲ್ಲಿ ಬೆಂಕಿಯ ಪಕ್ಕ ಕೂರಿಸಿಕೊಂಡು ಶಾರ್ಕ್‌ಗಳ ಪಾಠ ಶುರು ಮಾಡಿದೆ.

"ನಾಯಿ ಶಾರ್ಕ್ ಕಂಡ್ರೆ ಹೆದರಬೇಡ. ಮರಳಲ್ಲಿ ಒಂದರ ಮೇಲೊಂದು ಬಿದ್ಕೊಂಡು ನಿದ್ದೆ ಹೊಡೀತಿರ್ತವೆ. ಚಾಪೆ ಶಾರ್ಕ್ ಇರೋ ಕಡೆ ಮಾತ್ರ ನೋಡ್ಕೊಂಡು ಕಾಲಿಡು. ಪಾಚಿ ಅಂದ್ಕೊಂಡು ತುಳಿದ್ಯೋ, ಕಚ್ಚಿದ್ದನ್ನ ಬಿಡಲ್ಲ."

"ಥೇಟ್ ನಿಮ್ಮತ್ತೆ ಹಾಗೆ," ಎಂದಳು ಬೆಂಕಿಯ ಆಚೆಗೆ ಕೂತಿದ್ದ ನನ್ನ ನಾದಿನಿ ಫುಮಿನೊ.

"ನೀನು ಸುಮ್ನಿರೇ. ಸುತ್ತಿಗೆತಲೆಯವು ಬೇಸಿಗೇಲಿ ಗುಂಪಾಗಿ ಬರ್ತವೆ. ಗುಂಪಲ್ಲಿದ್ದಾಗ ಅವಕ್ಕೆ ನಮ್ಮ ಗೊಡವೆ ಬೇಡ. ಒಂಟಿಯಾಗಿ ಬರೋ ದೊಡ್ಡ ಬಿಳಿ ಶಾರ್ಕೇ ಬೇರೆ. ಅದು ಸುತ್ತು ಹಾಕಿ ನಿನ್ನ ಅಳತೆ ತಗೊಳತ್ತೆ. ತನಗಿಂತ ಉದ್ದ ಇರೋದರ ತಂಟೆಗೆ ಹೋಗಲ್ವಂತೆ. ಅದಕ್ಕೇ ಸೊಂಟಕ್ಕೆ ಸುತ್ತಿರೋ ಉದ್ದನೆ ಬಟ್ಟೆ ಬಿಚ್ಚಿ ಹಿಂದೆ ಇಳಿಬಿಡಬೇಕು."

"ನಿಜವಾಗ್ಲೂ ಹೆದರತ್ತಾ ಅತ್ತೆ?"

"ಗೊತ್ತಿಲ್ಲ ಕಣೇ. ನಲವತ್ತು ವರ್ಷದಲ್ಲಿ ಎರಡು ಸಲ ಬಿಚ್ಚಿದೀನಿ. ಎರಡು ಸಲಾನೂ ಮನೆಗೆ ಬಂದು ಅನ್ನ ಉಂಡಿದೀನಿ."

ಇನ್ನು ಬೆಕ್ಕು ಶಾರ್ಕ್. ಅದು ಪಾಪದ್ದು, ಆದರೆ ನಮ್ಮ ಕಣ್ಣಿಗೆ ಅದೇ ಕಳ್ಳ. ಹಂದಿಯ ಮೂತಿ, ಕಣ್ಣಿನ ಮೇಲೆ ಬೆಕ್ಕಿನ ಕಿವಿಯಂಥ ಉಬ್ಬು, ಒಳಗಿನ ಹಲ್ಲು ಅರೆಯುವ ಕಲ್ಲಿನಂತೆ ಚಪ್ಪಟೆ. ನಾವು ಹೆಕ್ಕಬೇಕಾದ ಶಂಖಗಳನ್ನು ಚಿಪ್ಪಿನ ಸಮೇತ ಕಟಕಟ ಅಗಿದು ನುಂಗುತ್ತದೆ. ವಸಂತದಲ್ಲಿ ಹೆಣ್ಣು ಬಂದು, ತಿರುಪುಮೊಳೆಯಂತೆ ಸುರುಳಿ ಇರುವ ಕಂದು ಮೊಟ್ಟೆಯನ್ನು ಬಂಡೆಯ ಸಂದಿಯಲ್ಲಿ ಇಟ್ಟು ಹೋಗುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಅಲೆ ಎಷ್ಟು ಎಳೆದರೂ ಬರುವುದಿಲ್ಲ. ಮರಿ ಹೊರಬರಲು ಒಂದು ವರ್ಷ. ಅಂಥ ಮೊಟ್ಟೆ ಕಂಡರೆ ಕಿತ್ತು ತಂದು ದಂಡೆಗೆ ಎಸೆಯುವುದು ನಮಗೆಲ್ಲ ಅಂಗಳದ ಕಸ ಗುಡಿಸಿದ ಹಾಗೆ.

"ಒಂದು ವರ್ಷಾನಾ? ತಾಯಿ ಅಲ್ಲೇ ಕಾಯ್ತಿರತ್ತಾ?" ಎಂದಳು ಚಿಗುಸಾ.

"ಎಲ್ಲಿಂದ! ಇಟ್ಟು ಹೋಯ್ತು ಅಂದ್ರೆ ಹೋಯ್ತು."

ಕೊನೆಯ ಪಾಠ ಗುರುತಿನದು. ಅವಾಬಿ ಕಂಡಿತು, ಅಷ್ಟರಲ್ಲಿ ಉಸಿರು ಮುಗಿಯಿತು ಅಂದರೆ ಆಸೆಪಡದೆ ಮೇಲೆ ಬರಬೇಕು. ಬರುವ ಮುಂಚೆ ಒಂದು ಖಾಲಿ ಚಿಪ್ಪನ್ನು ಹೊಳೆಯುವ ಬದಿ ಮೇಲಾಗಿ ಅಲ್ಲಿಟ್ಟು ಬರಬೇಕು. ಮತ್ತೆ ಮುಳುಗುವಾಗ ಆ ಹೊಳಪೇ ದಾರಿ ತೋರಿಸುತ್ತದೆ. ಒಬ್ಬಳ ಗುರುತನ್ನು ಇನ್ನೊಬ್ಬಳು ಮುಟ್ಟುವುದಿಲ್ಲ. ಮನೆಯವರು ಮುಟ್ಟಬಹುದು.

ಜುಲೈ ತಿಂಗಳ ಬೇಸಿಗೆಗೆ ಅವಳು ಐದು ತಿಂಗಳ ಬಸುರಿ. ನಮ್ಮ ರೂಢಿಯಂತೆ ಒಳ್ಳೆಯ ದಿನ ನೋಡಿ, ಉದ್ದನೆಯ ಬಿಳಿ ಪಟ್ಟಿಯನ್ನು ಅವಳ ಹೊಟ್ಟೆಗೆ ನಾನೇ ಸುತ್ತಿದೆ. "ಇನ್ನೂ ಮುಳುಗಬಹುದಾ ಅತ್ತೆ?" ಎಂದು ಕೇಳಿದಳು. "ಕಾತ್ಸುಮಿ ಹುಟ್ಟೋ ಹಿಂದಿನ ದಿನಾನೂ ನಾನು ನೀರಲ್ಲಿದ್ದೆ," ಎಂದೆ. ಕಾತ್ಸುಮಿ ನನ್ನ ಮಗ, ಅವಳ ಗಂಡ. ಆರನೆಯ ತಿಂಗಳಲ್ಲಿ ಮಗು ಹೋಯಿತು. ಡಾಕ್ಟರು ಅವಳಿಗೆ ಏನು ಹೇಳಿದರೋ, ನಾನು ಬಾಗಿಲ ಹೊರಗಿದ್ದೆ. ಆಮೇಲೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ ಅಂದರೂ ಸರಿಯೇ.

ಚಳಿ ಶುರುವಾದಾಗ ಅವಳು ತಾನಾಗಿಯೇ ನೀರಿಗೆ ಮರಳಿದಳು. ಮಾತು ಕಡಿಮೆಯಾಗಿತ್ತು. ಆದರೆ ದಿನಾ ಮೊದಲ ಮುಳುಗು ಮಾತ್ರ ನೀರಿನಿಂದ ಹಲ್ಲಿನಂತೆ ಎದ್ದು ನಿಂತ ಹಲ್ಲುಬಂಡೆಯ ಹತ್ತಿರವೇ. ಅಲ್ಲಿಂದ ಬರಿಗೈಲಿ ಮೇಲೆ ಬರುತ್ತಿದ್ದಳು, ಮುಖ ಮಾತ್ರ ಸ್ವಲ್ಪ ತಿಳಿಯಾಗಿರುತ್ತಿತ್ತು. ಸಮುದ್ರ ಹುಡುಗಿಯನ್ನು ವಾಸಿ ಮಾಡುತ್ತಿದೆ ಅಂದುಕೊಂಡೆ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಅವಳಿಗೆ ಜ್ವರ. ನಾನೊಬ್ಬಳೇ ಹಲ್ಲುಬಂಡೆಯ ಕಡೆ ಹೋದೆ. ನಾಲ್ಕು ಆಳುದ್ದ ಕೆಳಗೆ ಚಿಪ್ಪೊಂದು ಹೊಳೆಯಿತು. ಅಂಚು ಮುರಿದ ಚಿಪ್ಪು, ನಾನೇ ಅವಳಿಗೆ ಕೊಟ್ಟಿದ್ದು. ಪಾಪ, ಒಳ್ಳೆಯ ಅವಾಬಿ ಕಂಡು ಉಸಿರು ಸಾಲದೆ ಬಿಟ್ಟಿದ್ದಾಳೆ, ತೆಗೆದುಕೊಂಡು ಹೋದರೆ ಖುಷಿಪಡುತ್ತಾಳೆ ಅಂದುಕೊಂಡೆ. ಹತ್ತಿರ ಹೋದರೆ ಅವಾಬಿ ಇಲ್ಲ. ಸಂದಿಯೊಳಗೆ ಬೆಕ್ಕು ಶಾರ್ಕ್‌ನ ಮೊಟ್ಟೆ, ಪಾಚಿ ಕಟ್ಟಿ ಭದ್ರವಾಗಿ ಕೂತಿತ್ತು. ಕೀಳಲಾಗದೆ ಗುರುತಿಟ್ಟಿದ್ದಾಳೆ ಎಂದು ತಿಳಿದೆ. ಮೂರು ಸಲ ಮುಳುಗಿ, ಅವಾಬಿ ಕೀಳುವ ಕಬ್ಬಿಣ ಹಾಕಿ ಮೀಟಿ ತೆಗೆದೆ.

ಗುಡಿಸಲಿನಲ್ಲಿ ಫುಮಿನೊ ನಕ್ಕಳು. "ಕಳ್ಳನ ಮೊಟ್ಟೆಗೆ ಇಷ್ಟು ಏದುಸಿರಾ ಅತ್ತಿಗೆ? ವಯಸ್ಸಾಯ್ತು ಬಿಡು ನಿಂಗೆ."

"ಕುಯ್ದು ನೋಡೋಣ, ಎಷ್ಟು ಬೆಳೆದಿದೆ ಅಂತ," ಎಂದು ಚಾಕು ತೆಗೆದೆ. ಮೊಟ್ಟೆಯ ಸಿಪ್ಪೆ ಸೀಳುತ್ತಿರುವಾಗಲೇ ಚಿಗುಸಾ ಬಾಗಿಲಲ್ಲಿ ನಿಂತಳು. ಜ್ವರ ಇಳಿದಿತ್ತಂತೆ, ನನಗೆಂದು ಬಿಸಿ ಮಿಸೊ ಸಾರು ತಂದಿದ್ದಳು.

"ನಿನ್ನ ಗುರುತು ಸಿಕ್ತು ಕಣೇ!" ಎಂದೆ ಹೆಮ್ಮೆಯಿಂದ. "ನಿನ್ನ ಕೈಲಿ ಆಗದೇ ಇದ್ದದ್ದನ್ನ ನಾನು ಕಿತ್ತೆ ನೋಡು."

ಸೀಳಿನಿಂದ ಗೇಣುದ್ದದ ಮರಿ ನನ್ನ ಅಂಗೈಗೆ ಜಾರಿತು. ಮೈತುಂಬ ಪಟ್ಟೆ, ಕಣ್ಣಿನ ಮೇಲೆ ಆಗಲೇ ಆ ಪುಟ್ಟ ಉಬ್ಬು. ಬಾಲ ಅಲ್ಲಾಡಿಸಿತು. ಹೊಟ್ಟೆಯಡಿ, ಮೊಟ್ಟೆಯೊಳಗೆ ಅದನ್ನು ಸಾಕಿದ ಹಳದಿ ಚೀಲ ಅವರೆಕಾಳಿನಷ್ಟು ಉಳಿದಿತ್ತು. ನನ್ನ ಚಾಕು ಅದಕ್ಕೆ ತಗುಲಿತ್ತು.

ಚಿಗುಸಾ ಸಾರಿನ ಪಾತ್ರೆಯನ್ನು ಒಂದು ಹನಿಯೂ ಚೆಲ್ಲದಂತೆ ಕೆಳಗಿಟ್ಟಳು. ಮರದ ತೊಟ್ಟಿ ಎತ್ತಿಕೊಂಡು ಸಮುದ್ರಕ್ಕೆ ಓಡಿ ನೀರು ತಂದಳು. ಮರಿಯನ್ನು ಅದರಲ್ಲಿ ಬಿಟ್ಟು, ಮಧ್ಯಾಹ್ನವೆಲ್ಲ ನೀರು ಬದಲಿಸುತ್ತಲೇ ಇದ್ದಳು. ಫುಮಿನೊ ಅವಳ ಮುಖ ನೋಡಿ ಎದ್ದು ಹೋದಳು. ದೋಣಿಗಳು ದಂಡೆಗೆ ಬರುವ ಹೊತ್ತಿಗೆ ಮರಿ ಹೊಟ್ಟೆ ಮೇಲಾಗಿ ತೇಲಿತು.

"ಆ ಮೊಟ್ಟೆ ಇಟ್ಟ ದಿನಾನೇ ನೋಡಿದ್ದೆ ಅತ್ತೆ," ಎಂದಳು ಚಿಗುಸಾ. "ಹೋದ ವಸಂತ. ಆಗ ನಂಗೂ ಮೊದಲನೇ ತಿಂಗಳು. ಇಬ್ಬರೂ ಒಟ್ಟಿಗೇ ಶುರು ಮಾಡಿದ್ವಿ. ನಂದು ಹೋಯ್ತು. ಇದು ಮಾತ್ರ ಅಲ್ಲೇ ಇತ್ತು. ದಿನಾ ಹೋದ್ರೆ ಅಲ್ಲೇ ಇರ್ತಿತ್ತು."

"ಹೇಳಬಾರದಿತ್ತೇನೇ ನಂಗೆ?"

"ಕಳ್ಳನ ಮೊಟ್ಟೆ ಅಲ್ವಾ ಅತ್ತೆ. ನಗ್ತೀರೇನೋ ಅಂತ."

ಅವಳು ಸೊಂಟದ ಬಟ್ಟೆ ಬಿಚ್ಚಿದಳು. ಇಷ್ಟು ದಿನ ಅದು ಎಲ್ಲರ ಬಟ್ಟೆಯಂಥದೇ ಎಂದುಕೊಂಡಿದ್ದೆ. ಈಗ ಗೊತ್ತಾಯಿತು, ಅದು ಬೇಸಿಗೆಯಲ್ಲಿ ನಾನು ಅವಳ ಹೊಟ್ಟೆಗೆ ಸುತ್ತಿದ ಪಟ್ಟಿ. ಅದರ ತುದಿ ಹರಿದು ಮರಿಯನ್ನು ಸುತ್ತತೊಡಗಿದಳು.

"ಅತ್ತೆ, ಇನ್ನೂ ಎಷ್ಟು ದಿನ ಬೇಕಿತ್ತು ಅದಕ್ಕೆ?"

ಆ ಚೀಲ ಅಷ್ಟು ಕರಗಿದೆ ಅಂದರೆ ಹತ್ತು ದಿನ. ಹತ್ತೂ ಇಲ್ಲವೇನೋ. ಸಮುದ್ರದ ವಿಷಯದಲ್ಲಿ ನಾನು ಯಾವ ಹೆಂಗಸಿಗೂ ಸುಳ್ಳು ಹೇಳಿದವಳಲ್ಲ. ಅಂಥ ಸುಳ್ಳಿನಿಂದ ಜೀವ ಹೋಗುತ್ತದೆ.

"ಅದು ಮೊದಲಿಂದ್ಲೇ ಬಡವಾಗಿತ್ತು ಕಣಮ್ಮ," ಎಂದೆ. "ಅಲ್ಲೇ ಬಿಟ್ಟಿದ್ರೂ ಉಳೀತಿರಲಿಲ್ಲ."

ಬಟ್ಟೆಯ ಅಂಚು ಮಡಿಸುತ್ತಿದ್ದ ಅವಳ ಕೈ ನಿಂತಿತು.

"ಡಾಕ್ಟರೂ ಇದೇ ಮಾತು ಹೇಳಿದ್ರು," ಎಂದಳು.

ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ಸಾರಿನ ಪಾತ್ರೆಯನ್ನು ಬೆಂಕಿಯ ಹತ್ತಿರ ಸರಿಸಿದಳು.

"ಆರಿಹೋಗಿದೆ. ಬಿಸಿ ಮಾಡಿ ಕೊಡ್ತೀನಿ, ತಾಳಿ. ಬೆಳಗ್ಗೆಯಿಂದ ನೀವು ಏನೂ ತಿಂದಿಲ್ಲ."